ಹಸಿರು ವರದಿ, ನಿಂತುಹೋದ ಜಾಬ್: ಬ್ಯಾಕಪ್ ಸರ್ವರ್‌ನ ಡೇಟಾಬೇಸ್ ಬದಲಿಸಿದ ಒಂದು ಪ್ರಕರಣ

ಇದು ಒಂದು ಮಧ್ಯಮ ಗಾತ್ರದ ಉತ್ಪಾದನಾ ಸಂಸ್ಥೆಯಲ್ಲಿ 2023ರಲ್ಲಿ ನಡೆದದ್ದು. ಕೆಲಸ ಮುಗಿದ ಮೇಲೆ, ಏನಾಯಿತೆಂದು ನೋಡಿ ಬರೆದುಕೊಡಲು ನನ್ನನ್ನು ಕರೆದಿದ್ದರು. ಲಾಗ್‌ಗಳು, ಟಿಕೆಟ್‌ಗಳು ಮತ್ತು ಅಲ್ಲಿದ್ದವರ ಮಾತುಗಳಿಂದ ಕೂಡಿಸಿದ ವಿವರ ಇಲ್ಲಿದೆ. ಸಂಸ್ಥೆ, ಊರು, ವ್ಯಕ್ತಿ, ಸರ್ವರ್ ಯಾವುದರ ಹೆಸರನ್ನೂ ಹೇಳುವುದಿಲ್ಲ. ತಂತ್ರಾಂಶದ ಹೆಸರನ್ನು ಮಾತ್ರ ಉಳಿಸಿಕೊಂಡಿದ್ದೇನೆ, ಅದಿಲ್ಲದೆ ಓದುಗರಿಗೆ ಉಪಯೋಗವಿಲ್ಲ. ಎಡವಟ್ಟಾದದ್ದು ತಂತ್ರಾಂಶದಿಂದಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ.

ಹಿನ್ನೆಲೆ

ಕಾರ್ಖಾನೆ, ಗೋದಾಮು, ಮುಖ್ಯ ಕಚೇರಿ ಎಲ್ಲ ಸೇರಿ ಕೆಲವು ನೂರು ವರ್ಚುವಲ್ ಮೆಷಿನ್‌ಗಳು, ಅಂದರೆ ದೊಡ್ಡ ಸರ್ವರ್‌ಗಳ (ಹೋಸ್ಟ್) ಒಳಗೆ ತಂತ್ರಾಂಶದಿಂದ ಕಟ್ಟಿದ ಕಂಪ್ಯೂಟರ್‌ಗಳು. ಎಲ್ಲಕ್ಕೂ ಒಂದೇ ಬ್ಯಾಕಪ್ ಸರ್ವರ್, ಅದರ ಮೇಲೆ ವೀಮ್ ಬ್ಯಾಕಪ್ ಅಂಡ್ ರೆಪ್ಲಿಕೇಶನ್‌ನ 11ನೇ ಆವೃತ್ತಿ. ಯಾವ ಜಾಬ್ (ನಿಗದಿತ ವೇಳೆಗೆ ತಾನಾಗಿ ಓಡುವ ಬ್ಯಾಕಪ್ ಕೆಲಸ) ಯಾವಾಗ ಓಡಬೇಕು, ಯಾವ ಮೆಷಿನ್‌ನ ಯಾವ ದಿನದ ಪ್ರತಿ ಎಲ್ಲಿದೆ, ಯಾವ ಹೋಸ್ಟ್‌ಗೆ ಯಾವ ಪಾಸ್‌ವರ್ಡ್ ಎಂಬ ವಿವರವನ್ನೆಲ್ಲ ಈ ತಂತ್ರಾಂಶ ಒಂದು ಡೇಟಾಬೇಸ್‌ನಲ್ಲಿ ಇಟ್ಟುಕೊಳ್ಳುತ್ತದೆ. ಬ್ಯಾಕಪ್ ಫೈಲ್‌ಗಳು ರಿಪಾಸಿಟರಿ ಎಂಬ ಸಂಗ್ರಹದಲ್ಲಿದ್ದರೂ ಅವುಗಳ ಲೆಕ್ಕಪುಸ್ತಕ ಇರುವುದು ಇಲ್ಲಿ.

ಆ ಡೇಟಾಬೇಸ್ ಇದ್ದದ್ದು ತಂತ್ರಾಂಶದ ಆ ಆವೃತ್ತಿಯ ಜತೆಗೇ ಬರುತ್ತಿದ್ದ ಎಸ್‌ಕ್ಯೂಎಲ್ ಸರ್ವರ್ 2016 ಎಕ್ಸ್‌ಪ್ರೆಸ್‌ನಲ್ಲಿ. ಎಕ್ಸ್‌ಪ್ರೆಸ್ ಉಚಿತ, ಆದರೆ ಅದರ ಈ 2016ರ ಆವೃತ್ತಿಯಲ್ಲಿ ಒಂದು ಡೇಟಾಬೇಸ್‌ನ ಡೇಟಾ ಫೈಲ್ 10 ಜಿಬಿ ದಾಟುವಂತಿಲ್ಲ, ಬಫರ್ ಮೆಮೊರಿಗೆ 1,410 ಎಂಬಿಯ ಮಿತಿ, ನಾಲ್ಕು ಕೋರ್‌ಗಿಂತ ಹೆಚ್ಚು ಬಳಸುವುದಿಲ್ಲ. ಸಣ್ಣ ಜಾಗಕ್ಕೆ ಇದು ಬೇಕಾದಷ್ಟಾಯಿತು. ಇಲ್ಲಿ ಮಾತ್ರ ಲೆಕ್ಕ ತಪ್ಪಿಸಿದ್ದು ಇಆರ್‌ಪಿ (ಸಂಸ್ಥೆಯ ಲೆಕ್ಕ, ದಾಸ್ತಾನು ನಡೆಸುವ ತಂತ್ರಾಂಶ) ಡೇಟಾಬೇಸ್‌ಗಳ ಟ್ರಾನ್ಸಾಕ್ಷನ್ ಲಾಗ್, ಅಂದರೆ ಪ್ರತಿ ಬದಲಾವಣೆಯೂ ದಾಖಲಾಗುವ ಫೈಲ್, ಅದರ ಬ್ಯಾಕಪ್. ಅದು ಪ್ರತಿ 15 ನಿಮಿಷಕ್ಕೊಮ್ಮೆ ಓಡುತ್ತದೆ, ಓಡಿದಷ್ಟೂ ಇತಿಹಾಸದ ಸಾಲುಗಳು ಸೇರುತ್ತ ಹೋಗುತ್ತವೆ. ಇತಿಹಾಸ ಉಳಿಸುವ ಅವಧಿ ಮೂಲ ಸೆಟ್ಟಿಂಗ್‌ನಲ್ಲಿರುವಂತೆ 53 ವಾರ. ಅದನ್ನು ಯಾರೂ ಮುಟ್ಟಿರಲಿಲ್ಲ.

ಸಮಸ್ಯೆ

ಬ್ಯಾಕಪ್ ತಂತ್ರಾಂಶದ ಕನ್ಸೋಲ್ (ಅದನ್ನು ನಡೆಸುವ ಪರದೆ) ತೆರೆಯುವುದು ನಿಧಾನವಾಗಿ ಬಹಳ ಕಾಲವಾಗಿತ್ತು, ಅದಕ್ಕೆ ಎಲ್ಲರೂ ಒಗ್ಗಿಕೊಂಡಿದ್ದರು. ಒಂದು ರಾತ್ರಿ ಜಾಬ್‌ಗಳು ಒಂದರ ಹಿಂದೊಂದು ಬಿದ್ದವು. ಎಸ್‌ಕ್ಯೂಎಲ್ ಲಾಗ್‌ನಲ್ಲಿ 1105 ಎಂಬ ದೋಷಸಂಖ್ಯೆ, ಅಂದರೆ ಪ್ರೈಮರಿ ಫೈಲ್‌ಗ್ರೂಪ್‌ನಲ್ಲಿ ಜಾಗವಿಲ್ಲ. ಅದರ ಬೆನ್ನಿಗೇ 1827, ಲೈಸೆನ್ಸ್ ಮಿತಿಯಾದ 10,240 ಎಂಬಿ ದಾಟುತ್ತದೆ ಎಂಬ ತಕರಾರು. ಡಿಸ್ಕ್‌ನಲ್ಲಿ ಜಾಗ ಧಾರಾಳವಾಗಿತ್ತು. ಹಾಗಾಗಿ ಡಿಸ್ಕ್ ಮೇಲೆ ಮಾತ್ರ ಕಣ್ಣಿಟ್ಟಿದ್ದ ಮಾನಿಟರಿಂಗ್ ವ್ಯವಸ್ಥೆ ಸುಮ್ಮನಿತ್ತು.

ಮೊದಲ ಪರಿಹಾರ ಸರಿಯಾಗಿಯೇ ಇತ್ತು. ಆಂತರಿಕ ಆಡಿಟ್‌ನವರಿಗೆ ಒಂದು ವರ್ಷದ ಜಾಬ್ ಇತಿಹಾಸ ಬೇಕು, ಆದ್ದರಿಂದ ಹಳೆಯದನ್ನು ಮೊದಲು ಫೈಲ್‌ಗೆ ಎಕ್ಸ್‌ಪೋರ್ಟ್ ಮಾಡಿಟ್ಟರು. ಆಮೇಲೆ ಅವಧಿಯನ್ನು 26 ವಾರಕ್ಕೆ ಇಳಿಸಿದರು. ಸಾಲುಗಳು ಅಳಿದರೂ ಡೇಟಾ ಫೈಲ್‌ನ ಗಾತ್ರ ಇಳಿಯಲಿಲ್ಲ. ಅದನ್ನು ನೋಡಿ ಐಟಿ ಮ್ಯಾನೇಜರ್ ಗಾಬರಿಯಾದರು, ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವರು) ಸಮಾಧಾನ ಹೇಳಬೇಕಾಯಿತು. ಫೈಲ್ ಹಾಗೇ ಇದ್ದರೂ ಒಳಗೆ ಜಾಗ ಖಾಲಿಯಾಗಿತ್ತು, ಹೊಸ ಸಾಲುಗಳು ಅಲ್ಲಿ ಕೂರುತ್ತವೆ. ಜಾಬ್‌ಗಳು ಮತ್ತೆ ಓಡಿದವು.

ಇಷ್ಟಕ್ಕೇ ಬಿಡಬಹುದಿತ್ತೇ? ನನ್ನನ್ನು ಕೇಳಿದರೆ, ಇನ್ನೊಂದು ವರ್ಷದ ಮಟ್ಟಿಗೆ ಬಿಡಬಹುದಿತ್ತು. ಆದರೆ ಮೇಲಿನವರಿಗೆ ಶಾಶ್ವತ ಪರಿಹಾರ ಬೇಕಿತ್ತು. ಎರಡು ದಾರಿಗಳಿದ್ದವು. 2023ರ ಫೆಬ್ರುವರಿಯಲ್ಲಿ ಬಂದಿದ್ದ 12ನೇ ಆವೃತ್ತಿಗೆ ಏರಿ, ಅದರೊಂದಿಗೆ ಬರುವ ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ಗೆ ಹೋಗುವುದು ಒಂದು, ಅದಕ್ಕೆ 10 ಜಿಬಿ ಮಿತಿಯಿಲ್ಲ. ಇನ್ನೊಂದು, ಸಂಸ್ಥೆಯಲ್ಲಿ ಈಗಾಗಲೇ ಇರುವ ಎಸ್‌ಕ್ಯೂಎಲ್ ಸರ್ವರ್ ಸ್ಟ್ಯಾಂಡರ್ಡ್‌ಗೆ ಡೇಟಾಬೇಸ್ ಸಾಗಿಸಿ, ಬ್ಯಾಕಪ್ ತಂತ್ರಾಂಶದ ಕನೆಕ್ಷನ್ ಸೆಟ್ಟಿಂಗ್ ಬದಲಿಸುವುದು. ಆ ವರ್ಷ ಆವೃತ್ತಿ ಬದಲಾವಣೆಗೆ ಒಪ್ಪಿಗೆ ಸಿಗಲಿಲ್ಲ. ಎಸ್‌ಕ್ಯೂಎಲ್ ಬಲ್ಲ ಡಿಬಿಎ ಕೈಯಲ್ಲೇ ಇದ್ದರು. ಎರಡನೆಯದು ಗೆದ್ದಿತು.

ಸಿದ್ಧತೆ

ಮುಹೂರ್ತ ಇಟ್ಟದ್ದು ಆಯುಧ ಪೂಜೆಗೆ. ಆ ವರ್ಷ ಪೂಜೆ ಸೋಮವಾರ, ವಿಜಯದಶಮಿ ಮಂಗಳವಾರ, ಹಿಂದಿನ ಶನಿವಾರ ಭಾನುವಾರ ಸೇರಿಸಿಕೊಂಡರೆ ಕಾರ್ಖಾನೆ ಸ್ತಬ್ಧವಾಗಿರುವ ನಾಲ್ಕು ದಿನ. ಸರ್ವರ್ ರೂಮಿನ ರ‍್ಯಾಕ್‌ಗಳಿಗೆ ಕುಂಕುಮ, ಚೆಂಡು ಹೂವು, ಬಾಗಿಲಲ್ಲಿ ಬೂದುಗುಂಬಳ ಒಡೆದಾದ ಮೇಲೆ ಯಾರೂ ಮೆಷಿನ್ ಮುಟ್ಟುವುದಿಲ್ಲ ಎಂಬ ಪದ್ಧತಿ ಅಲ್ಲಿದೆ. ಹಾಗಾಗಿ ಕೆಲಸ ಶನಿವಾರವೇ ಮುಗಿಯಬೇಕೆಂದು ತೀರ್ಮಾನವಾಯಿತು. ಆತುರಕ್ಕೆ ಇದೂ ಒಂದು ಕಾರಣ.

ಯೋಜನೆಯ ಕಾಗದ ನೋಡಿದೆ, ಕೆಟ್ಟದಾಗಿರಲಿಲ್ಲ. ಜಾಬ್‌ಗಳನ್ನು ಡಿಸೇಬಲ್ ಮಾಡುವುದು, ಓಡುತ್ತಿರುವವು ಮುಗಿಯಲು ಬಿಡುವುದು, ಕಾನ್ಫಿಗರೇಶನ್ ಬ್ಯಾಕಪ್ (ಬ್ಯಾಕಪ್ ತಂತ್ರಾಂಶದ ಸ್ವಂತ ಸೆಟ್ಟಿಂಗ್‌ಗಳ ಪ್ರತಿ) ತೆಗೆಯುವುದು, ಸರ್ವಿಸ್‌ಗಳನ್ನು (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳು) ನಿಲ್ಲಿಸುವುದು, ಡೇಟಾಬೇಸ್‌ನ ಪೂರ್ಣ ಬ್ಯಾಕಪ್ ತೆಗೆದು ಹೊಸ ಸರ್ವರ್‌ನಲ್ಲಿ ರಿಸ್ಟೋರ್ ಮಾಡುವುದು, ಕೊನೆಗೆ ಕನೆಕ್ಷನ್ ಸೆಟ್ಟಿಂಗ್ ಬದಲಿಸುವ ಯುಟಿಲಿಟಿ ಓಡಿಸುವುದು.

ಕಾನ್ಫಿಗರೇಶನ್ ಬ್ಯಾಕಪ್ ಬಗ್ಗೆ ಡಿಬಿಎ ಎತ್ತಿದ ಪ್ರಶ್ನೆ ಮೆಚ್ಚಬೇಕಾದ್ದು. ಹೊಸ ಎಸ್‌ಕ್ಯೂಎಲ್ ಸರ್ವರ್ ಕೂಡ ಒಂದು ವರ್ಚುವಲ್ ಮೆಷಿನ್, ಅದರ ಬ್ಯಾಕಪ್ ತೆಗೆಯುವುದು ಇದೇ ಬ್ಯಾಕಪ್ ಸರ್ವರ್. ಆ ಮೆಷಿನ್ ಹೋದರೆ ಅದನ್ನು ಮರಳಿ ತರಬೇಕಾದ ತಂತ್ರಾಂಶದ ಡೇಟಾಬೇಸೂ ಅದರೊಳಗೇ ಹೋಗಿರುತ್ತದೆ! ಆದ್ದರಿಂದ ದಿನಾ ಬೆಳಿಗ್ಗೆ 10ಕ್ಕೆ ತಾನಾಗಿ ಆಗುವ ಕಾನ್ಫಿಗರೇಶನ್ ಬ್ಯಾಕಪ್ಪನ್ನು ಬೇರೆಯದೇ ಸ್ಟೋರೇಜ್‌ಗೆ ತಿರುಗಿಸಿದರು, ಎನ್‌ಕ್ರಿಪ್ಷನ್ ಹಾಕಿದರು. ಎನ್‌ಕ್ರಿಪ್ಷನ್ ಇಲ್ಲದ ಕಾನ್ಫಿಗರೇಶನ್ ಬ್ಯಾಕಪ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಬರುವುದಿಲ್ಲ. ಜತೆಗೆ ಆ ಒಂದು ಡೇಟಾಬೇಸ್‌ಗೆ ಎಸ್‌ಕ್ಯೂಎಲ್‌ನ ಸ್ವಂತ ಬ್ಯಾಕಪ್ಪನ್ನೂ ದಿನಾ ತೆಗೆಯುವಂತೆ ಏರ್ಪಾಡಾಯಿತು.

ಪಾಸ್‌ವರ್ಡ್‌ಗಳ ಬಗ್ಗೆ ಇನ್ನೊಂದು ಮಾತು, ಇದನ್ನು ಹಲವರು ಗೊಂದಲ ಮಾಡಿಕೊಳ್ಳುತ್ತಾರೆ. ಡೇಟಾಬೇಸ್‌ನಲ್ಲಿ ಕೂತಿರುವ ಪಾಸ್‌ವರ್ಡ್‌ಗಳನ್ನು ಬಿಡಿಸುವ ಕೀ ಇರುವುದು ಬ್ಯಾಕಪ್ ಸರ್ವರ್‌ನ ವಿಂಡೋಸ್‌ನಲ್ಲಿ. ಡೇಟಾಬೇಸ್ ಮಾತ್ರ ಬೇರೆಡೆಗೆ ಹೋಗಿ ಬ್ಯಾಕಪ್ ಸರ್ವರ್ ಅದೇ ಉಳಿದರೆ ಪಾಸ್‌ವರ್ಡ್‌ಗಳಿಗೆ ಏನೂ ಆಗುವುದಿಲ್ಲ. ಬ್ಯಾಕಪ್ ಸರ್ವರನ್ನೇ ಬದಲಿಸಿ, ಬರೀ ಡೇಟಾಬೇಸ್ ಎತ್ತಿಕೊಂಡು ಹೋದರೆ ಎಲ್ಲವನ್ನೂ ಮತ್ತೆ ಟೈಪ್ ಮಾಡಬೇಕು. ಇಲ್ಲಿ ಮೊದಲನೆಯದು, ಹಾಗಾಗಿ ಆ ಭಯವಿರಲಿಲ್ಲ.

ಒಳ್ಳೆಯ ನಿರ್ಧಾರ ಇನ್ನೊಂದಿತ್ತು. ಹಿಂದಕ್ಕೆ ಹೋಗುವುದು ಎಲ್ಲಿಯವರೆಗೆ ಸಾಧ್ಯ ಎಂಬುದನ್ನು ಬೋರ್ಡ್ ಮೇಲೆ ಮೊದಲೇ ಬರೆದಿದ್ದರು: ಹೊಸ ಡೇಟಾಬೇಸ್ ಮೇಲೆ ಮೊದಲ ಜಾಬ್ ಓಡುವವರೆಗೆ ಮಾತ್ರ. ಒಂದು ಜಾಬ್ ಓಡಿತೆಂದರೆ ಆ ರಾತ್ರಿಯ ರಿಸ್ಟೋರ್ ಪಾಯಿಂಟ್‌ನ (ಮರಳಬಹುದಾದ ಪ್ರತಿ) ಲೆಕ್ಕ ಹೊಸದರಲ್ಲಷ್ಟೇ ಇರುತ್ತದೆ. ಹಳೆಯದಕ್ಕೆ ಮರಳಿದರೆ ರಿಪಾಸಿಟರಿಯಲ್ಲಿರುವ ಫೈಲಿಗೂ ಡೇಟಾಬೇಸ್‌ನ ಲೆಕ್ಕಕ್ಕೂ ತಾಳೆಯಾಗುವುದಿಲ್ಲ.

ಶನಿವಾರ

ಮೊದಲ ತಡೆ ನೆಟ್‌ವರ್ಕ್‌ನಲ್ಲಿ. ಹೊಸ ಸರ್ವರ್‌ನಲ್ಲಿದ್ದದ್ದು ಹೆಸರಿರುವ ಇನ್‌ಸ್ಟನ್ಸ್ (ಒಂದು ಮೆಷಿನ್‌ನಲ್ಲಿ ಪ್ರತ್ಯೇಕವಾಗಿ ಓಡುವ ಎಸ್‌ಕ್ಯೂಎಲ್ ಸರ್ವರ್‌ನ ಒಂದು ಪ್ರತಿ). ಇಂಥದ್ದು ಮೂಲ ಸೆಟ್ಟಿಂಗ್‌ನಲ್ಲಿ ಎಸ್‌ಕ್ಯೂಎಲ್‌ನ ಮಾಮೂಲಿ ಪೋರ್ಟ್ (ನೆಟ್‌ವರ್ಕ್ ಬಾಗಿಲ ಸಂಖ್ಯೆ) ಆದ 1433ರಲ್ಲಿ ಕೂರುವುದಿಲ್ಲ, ಯಾವುದೋ ಪೋರ್ಟ್ ಹಿಡಿದುಕೊಳ್ಳುತ್ತದೆ. ಅದು ಯಾವುದೆಂದು ಹೇಳುವುದು ಯುಡಿಪಿ 1434ರಲ್ಲಿ ಕೂತ ಎಸ್‌ಕ್ಯೂಎಲ್ ಬ್ರೌಸರ್ ಸರ್ವಿಸ್. ಫೈರ್‌ವಾಲ್‌ನಲ್ಲಿ ತೆರೆದಿದ್ದದ್ದು 1433 ಒಂದೇ. ಸರ್ವರ್ ಅಥವಾ ಇನ್‌ಸ್ಟನ್ಸ್ ಸಿಗುತ್ತಿಲ್ಲ ಎಂಬ ದೋಷ 26 ಬಂತು. ಡಿಬಿಎ ಇನ್‌ಸ್ಟನ್ಸ್‌ಗೆ ನಿಗದಿತ ಪೋರ್ಟ್ ಕೊಟ್ಟರು, ಅದನ್ನೂ 1434ನ್ನೂ ಫೈರ್‌ವಾಲ್‌ನವರು ತೆರೆದರು. ಇದು ಎಲ್ಲ ಕಡೆ ಆಗುವ ಕತೆ, ಹೆಚ್ಚು ಹೇಳುವುದೇನಿಲ್ಲ.

ಎರಡನೆಯದು ಸ್ವಾರಸ್ಯದ್ದು. ಬ್ಯಾಕಪ್ ನೋಡಿಕೊಳ್ಳುವ ಹುಡುಗ ಸೆಟ್ಟಿಂಗ್ ಬದಲಿಸುವ ಮುನ್ನ ಬ್ಯಾಕಪ್ ಸರ್ವರ್‌ನಲ್ಲೇ ಒಂದು ಯುಡಿಎಲ್ ಫೈಲ್ (ಡೇಟಾಬೇಸ್ ಕನೆಕ್ಷನ್ ಪರೀಕ್ಷಿಸಲು ವಿಂಡೋಸ್‌ನಲ್ಲಿ ಬಳಸುವ ಸಣ್ಣ ಫೈಲ್) ಮಾಡಿ ಕನೆಕ್ಷನ್ ಪರೀಕ್ಷಿಸಿದ. ಯಶಸ್ವಿ ಎಂದು ಬಂತು. ಯುಟಿಲಿಟಿ ತೆರೆದು ಹೊಸ ಸರ್ವರ್ ಹೆಸರು, ಇನ್‌ಸ್ಟನ್ಸ್, ಡೇಟಾಬೇಸ್ ಹೆಸರು ಕೊಟ್ಟು, ವಿಂಡೋಸ್ ಅಥೆಂಟಿಕೇಶನ್ (ವಿಂಡೋಸ್ ಖಾತೆಯ ಗುರುತಿನಲ್ಲೇ ಒಳಹೋಗುವ ವಿಧಾನ) ಆರಿಸಿದ. ಆಮೇಲೆ ಮುಖ್ಯ ಬ್ಯಾಕಪ್ ಸರ್ವಿಸ್ ಏಳಲೇ ಇಲ್ಲ. ಅವನ ಮತ್ತು ಡಿಬಿಎಯ ನಡುವೆ ನಡೆದ ಮಾತನ್ನು ಇಬ್ಬರೂ ನಗುತ್ತಲೇ ನನಗೆ ಹೇಳಿದರು.

"ಟೆಸ್ಟ್ ಓಕೆ ಆಯ್ತಲ್ಲ ಮೇಡಂ, ನೀವೇ ನೋಡಿದ್ರಲ್ಲ."

"ಓಕೆ ಆಗಿದ್ದು ನಿಂಗೆ ಕಣಪ್ಪ. ಸರ್ವಿಸ್‌ಗೆ ಎಲ್ಲಿ ಆಯ್ತು?"

ವಿಷಯ ಇಷ್ಟೇ. ಯುಡಿಎಲ್ ಫೈಲ್ ತೆರೆದದ್ದು ಅವನ ಡೊಮೇನ್ ಖಾತೆ (ಸಂಸ್ಥೆಯ ನೆಟ್‌ವರ್ಕ್‌ನಾದ್ಯಂತ ನಡೆಯುವ ಖಾತೆ), ಅದಕ್ಕೆ ಹೊಸ ಸರ್ವರ್‌ನಲ್ಲಿ ಹಕ್ಕಿತ್ತು. ಸರ್ವಿಸ್ ಓಡುವುದು ಲೋಕಲ್ ಸಿಸ್ಟಮ್ ಎಂಬ, ವಿಂಡೋಸ್‌ನದೇ ಆದ ಒಳಖಾತೆಯಲ್ಲಿ. ಡೇಟಾಬೇಸ್ ಅದೇ ಮೆಷಿನ್‌ನಲ್ಲಿದ್ದಷ್ಟು ದಿನ ಈ ಖಾತೆಗೆ ಬಾಗಿಲು ತೆರೆದೇ ಇತ್ತು. ನೆಟ್‌ವರ್ಕ್ ದಾಟಿ ಹೋದಾಗ ಲೋಕಲ್ ಸಿಸ್ಟಮ್ ತನ್ನನ್ನು ಕಂಪ್ಯೂಟರ್ ಖಾತೆಯಾಗಿ, ಅಂದರೆ ಮೆಷಿನ್ ಹೆಸರಿನ ಕೊನೆಗೆ ಡಾಲರ್ ಚಿಹ್ನೆ ಇರುವ ಆ ಖಾತೆಯಾಗಿ, ಪರಿಚಯಿಸಿಕೊಳ್ಳುತ್ತದೆ. ಹೊಸ ಸರ್ವರ್‌ಗೆ ಅದು ಯಾರೆಂದೇ ಗೊತ್ತಿರಲಿಲ್ಲ. ರಿಸ್ಟೋರ್ ಮಾಡಿದ ಡೇಟಾಬೇಸ್ ಜತೆ ಅದರೊಳಗಿನ ಯೂಸರ್‌ಗಳು ಬಂದಿದ್ದರು, ಆದರೆ ಸರ್ವರ್‌ನೊಳಗೆ ಬಿಡುವ ಲಾಗಿನ್‌ಗಳು ಇರುವುದು ಮಾಸ್ಟರ್ ಡೇಟಾಬೇಸ್‌ನಲ್ಲಿ, ಅವು ಹಳೆಯ ಸರ್ವರ್‌ನಲ್ಲೇ ಉಳಿದವು.

ಬ್ಯಾಕಪ್ ಸರ್ವರ್ ಕಡೆಯ ಲಾಗ್‌ನಲ್ಲಿ ಕಂಡದ್ದು 18456 ಎಂಬ ಸಂಖ್ಯೆ, ಲಾಗಿನ್ ವಿಫಲ ಎಂಬ ಒಂದು ಸಾಲು. ಎಸ್‌ಕ್ಯೂಎಲ್ ಸರ್ವರ್ ಬೇಕೆಂದೇ ಹೊರಗಿನವರಿಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ, ಸ್ಟೇಟ್ 1 ಎಂದಷ್ಟೇ ತೋರಿಸುತ್ತದೆ. ನಿಜವಾದ ಕಾರಣ ಸರ್ವರ್ ಕಡೆಯ ಎರರ್ ಲಾಗ್‌ನಲ್ಲಿತ್ತು: ಸ್ಟೇಟ್ 5, ಆ ಹೆಸರಿನ ಲಾಗಿನ್ ಇಲ್ಲ. ಖಾತೆಯ ಹೆಸರೂ ಡಾಲರ್ ಚಿಹ್ನೆ ಸಮೇತ ಅಲ್ಲೇ ಇತ್ತು. ಎರಡೂ ಕಡೆಯವರು ಒಂದೇ ಕೋಣೆಯಲ್ಲಿ ಕೂತಿದ್ದರಿಂದ ಇದು ಬೇಗ ಸಿಕ್ಕಿತು. ಬೇರೆ ಬೇರೆ ಟಿಕೆಟ್ ಸಾಲಿನಲ್ಲಿ ನಿಂತಿದ್ದರೆ ರಜೆ ಇದರಲ್ಲೇ ಮುಗಿಯುತ್ತಿತ್ತು.

ಈಗ ಆಯ್ಕೆಯ ಪ್ರಶ್ನೆ ಎದ್ದಿತು. ಎಸ್‌ಕ್ಯೂಎಲ್ ಲಾಗಿನ್ ಮಾಡಿ ಪಾಸ್‌ವರ್ಡ್ ಕೊಡಬಹುದು, ಆದರೆ ಆ ಸರ್ವರ್ ವಿಂಡೋಸ್ ಅಥೆಂಟಿಕೇಶನ್‌ಗೆ ಮಾತ್ರ ಕಟ್ಟಿದ್ದು, ಬದಲಿಸಲು ಇಡೀ ಇನ್‌ಸ್ಟನ್ಸ್ ರೀಸ್ಟಾರ್ಟ್ ಆಗಬೇಕು. ಸರ್ವಿಸ್‌ಗಳನ್ನು ಒಂದು ಡೊಮೇನ್ ಖಾತೆಗೆ ಬದಲಿಸಬಹುದು, ಆದರೆ ಅದರ ಪಾಸ್‌ವರ್ಡ್ ಬದಲಾದ ದಿನ ಬ್ಯಾಕಪ್ ನಿಲ್ಲುತ್ತದೆ. ಹುಡುಗ ಕೇಳಿದ್ದು ಮೂರನೆಯದನ್ನು: ಕಂಪ್ಯೂಟರ್ ಖಾತೆಗೆ ಸದ್ಯಕ್ಕೆ ಸಿಸ್‌ಅಡ್ಮಿನ್ ಹಕ್ಕು (ಇಡೀ ಎಸ್‌ಕ್ಯೂಎಲ್ ಸರ್ವರ್ ಮೇಲಿನ ಪೂರ್ಣ ಅಧಿಕಾರ) ಕೊಟ್ಟುಬಿಡಿ, ಹಬ್ಬ ಮುಗಿದ ಮೇಲೆ ತೆಗೆಯೋಣ. ಡಿಬಿಎ ಖಡಾಖಂಡಿತವಾಗಿ ಬೇಡವೆಂದರು. ಸದ್ಯಕ್ಕೆ ಕೊಟ್ಟ ಸಿಸ್‌ಅಡ್ಮಿನ್ ಹಕ್ಕು ಮರಳಿ ಬಂದದ್ದನ್ನು ನಾನೂ ಹೆಚ್ಚು ನೋಡಿಲ್ಲ. ಕಂಪ್ಯೂಟರ್ ಖಾತೆಗೆ ಲಾಗಿನ್ ಮಾಡಿ, ಆ ಒಂದೇ ಡೇಟಾಬೇಸ್‌ನಲ್ಲಿ ಡಿಬಿ ಓನರ್ ಪಾತ್ರ ಕೊಟ್ಟರು. ಸರ್ವಿಸ್ ಎದ್ದಿತು. ಬ್ಯಾಕಪ್ ಸರ್ವರ್‌ನ ಅಡ್ಮಿನ್ ಆದವರೆಲ್ಲ ಈ ಖಾತೆಯಾಗಿ ವರ್ತಿಸಬಲ್ಲರು ಎಂಬುದು ಇದರ ಬೆಲೆ. ಆದರೆ ಬ್ಯಾಕಪ್ ಸರ್ವರ್‌ನ ಅಡ್ಮಿನ್ ಕೈಯಲ್ಲಿ ಆಗಲೇ ಎಲ್ಲವೂ ಇದೆ, ಆದ್ದರಿಂದ ನನ್ನ ದೃಷ್ಟಿಯಲ್ಲಿ ಈ ನಿರ್ಧಾರ ಸರಿ.

ಅದೇ ಪರೀಕ್ಷೆಯನ್ನು ಸರ್ವಿಸ್‌ನ ಖಾತೆಯಲ್ಲಿ ಮೊದಲೇ ಮಾಡಿ ನೋಡಬಹುದಿತ್ತು. ಸಿಸ್‌ಇಂಟರ್ನಲ್ಸ್‌ನ ಪಿಎಸ್‌ಎಕ್ಸೆಕ್‌ನಿಂದ ಸಿಸ್ಟಮ್ ಖಾತೆಯಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಅಲ್ಲಿಂದ ಎಸ್‌ಕ್ಯೂಎಲ್‌ಸಿಎಂಡಿ (ಎಸ್‌ಕ್ಯೂಎಲ್ ಸರ್ವರ್‌ಗೆ ಸಂಪರ್ಕಿಸುವ ಕಮಾಂಡ್) ಓಡಿಸಿದರೆ ಉತ್ತರ ತಕ್ಷಣ ಸಿಗುತ್ತದೆ. ಕೀಬೋರ್ಡ್ ಮುಂದೆ ಕೂತವರ ಖಾತೆ ರಾತ್ರಿ ಎರಡಕ್ಕೆ ಬ್ಯಾಕಪ್ ಓಡಿಸುವುದಿಲ್ಲ.

ಹಸಿರು ಮೇಲ್

ಜಾಬ್‌ಗಳನ್ನು ಮತ್ತೆ ಎನೇಬಲ್ ಮಾಡಿ, ಒಂದನ್ನು ಕೈಯಾರೆ ಓಡಿಸಿ, ಒಂದು ಫೈಲ್ ರಿಸ್ಟೋರ್ ಮಾಡಿ ನೋಡಿ ಎಲ್ಲರೂ ಮನೆಗೆ ಹೋದರು. ಭಾನುವಾರ ಬೆಳಿಗ್ಗೆ ಎಂದಿನಂತೆ ಬ್ಯಾಕಪ್ ವರದಿಯ ಮೇಲ್ ಬಂತು. ಎಲ್ಲ ಸಾಲೂ ಹಸಿರು. ಸೋಮವಾರ, ಮಂಗಳವಾರ, ಕಾರ್ಖಾನೆ ತೆರೆದ ಬುಧವಾರ, ಅದರ ಮರುದಿನ, ಎಲ್ಲ ದಿನವೂ ಹಸಿರು.

ತಿಂಗಳ ಕೊನೆಗೆ ಇಆರ್‌ಪಿ ಡೇಟಾಬೇಸ್ ಸರ್ವರ್‌ನ ಲಾಗ್ ಡಿಸ್ಕ್ ತುಂಬುತ್ತಿದೆ ಎಂಬ ಎಚ್ಚರಿಕೆ ಬಂತು. ತಿಂಗಳ ಕೊನೆಯ ಲೆಕ್ಕಪತ್ರದ ಹೊರೆ ಎಂದು ಮೊದಲು ಅಂದುಕೊಂಡರು. ಡಿಬಿಎ ನೋಡಿದಾಗ, ಲಾಗ್‌ನ ಜಾಗವನ್ನು ಮರುಬಳಕೆ ಮಾಡಲು ಏನಕ್ಕಾಗಿ ಕಾಯುತ್ತಿದೆ ಎಂದು ಹೇಳುವ ಕಾಲಂನಲ್ಲಿ 'ಲಾಗ್ ಬ್ಯಾಕಪ್' ಎಂದಿತ್ತು. ಅಂದರೆ ಲಾಗ್ ಬ್ಯಾಕಪ್ಪೇ ಆಗುತ್ತಿಲ್ಲ. ವರದಿಯಲ್ಲಿ ನೋಡಿದರೆ ಆ ಜಾಬ್ ಹಸಿರು. ಕನ್ಸೋಲ್ ತೆರೆದು ನೋಡಿದರೆ ಡಿಸೇಬಲ್ಡ್!

ಎರಡು ಎಳೆಗಳು ಇಲ್ಲಿ ಕೂಡಿಕೊಂಡಿದ್ದವು.

ಒಂದು, ಡಿಸೇಬಲ್ ಮಾಡಿದ ಜಾಬ್‌ಗಳ ಪಟ್ಟಿ. ಕೆಲವು ಜಾಬ್‌ಗಳು ಮೊದಲಿಂದಲೂ ಡಿಸೇಬಲ್ ಆಗಿದ್ದವು, ನಿವೃತ್ತ ಸರ್ವರ್‌ಗಳದ್ದು. ಆದ್ದರಿಂದ ಎಲ್ಲವನ್ನೂ ಆರಿಸಿ ಎನೇಬಲ್ ಮಾಡುವಂತಿರಲಿಲ್ಲ. ಯಾವುವು ಓಡುತ್ತಿದ್ದವು ಎಂಬುದಕ್ಕೆ ಹುಡುಗ ಇಟ್ಟುಕೊಂಡದ್ದು ಕನ್ಸೋಲ್‌ನ ಸ್ಕ್ರೀನ್‌ಶಾಟ್. ಪಟ್ಟಿ ಪರದೆಗಿಂತ ಉದ್ದವಿತ್ತು, ಸ್ಕ್ರಾಲ್ ಮಾಡಿದರೆ ಮಾತ್ರ ಕಾಣುವ ಕೊನೆಯ ಸಾಲುಗಳಲ್ಲಿ ಇಆರ್‌ಪಿ ಡೇಟಾಬೇಸ್ ಜಾಬ್ ಇತ್ತು. ಡಿಸೇಬಲ್ ಸ್ಥಿತಿಯೂ ಡೇಟಾಬೇಸ್‌ನಲ್ಲೇ ಇರುವುದರಿಂದ ಅದು ಅಷ್ಟೇ ನಿಷ್ಠೆಯಿಂದ ಹೊಸ ಮನೆಗೆ ಬಂದಿತ್ತು.

ಇನ್ನೊಂದು, ವರದಿಯ ಮೇಲ್. ಅದು ತಂತ್ರಾಂಶ ಕಳಿಸುವ ಮೇಲ್ ಅಲ್ಲ. ಹಿಂದೆ ಇದ್ದ ಯಾರೋ ಬರೆದ ಸ್ಕ್ರಿಪ್ಟ್, ನೇರವಾಗಿ ಡೇಟಾಬೇಸ್ ಓದಿ ಪ್ರತಿ ಜಾಬ್‌ನ ಕೊನೆಯ ಫಲಿತಾಂಶವನ್ನು ಬಣ್ಣ ಹಚ್ಚಿ ಕಳಿಸುತ್ತಿತ್ತು. ಸರ್ವರ್ ಹೆಸರಿನ ಜಾಗದಲ್ಲಿ ಲೋಕಲ್‌ಹೋಸ್ಟ್, ಅಂದರೆ ಇದೇ ಮೆಷಿನ್, ಎಂದಿತ್ತು. ಹಳೆಯ ಎಕ್ಸ್‌ಪ್ರೆಸ್ ಇನ್‌ಸ್ಟನ್ಸ್ ಅನ್ನು "ಇರಲಿ, ಬೇಕಾದರೆ ನೋಡೋಣ" ಎಂದು ಓಡುತ್ತಲೇ ಬಿಟ್ಟಿದ್ದರು. ಸ್ಕ್ರಿಪ್ಟ್ ದಿನಾ ಅಲ್ಲಿಗೆ ಹೋಗಿ, ಶನಿವಾರಕ್ಕೆ ಮೊದಲಿನ ಕೊನೆಯ ಫಲಿತಾಂಶವನ್ನು ಓದಿ, ಮೇಲ್‌ಗೆ ಇವತ್ತಿನ ದಿನಾಂಕ ಹಾಕಿ ಕಳಿಸುತ್ತಿತ್ತು. ಜಾಬ್ ಯಾವಾಗ ಓಡಿತು ಎಂಬ ಕಾಲಂ ಅದರಲ್ಲಿರಲಿಲ್ಲ.

ಜಾಬ್ ವಿಫಲವಾದರೆ ತಂತ್ರಾಂಶವೇ ಮೇಲ್ ಕಳಿಸುತ್ತಿತ್ತು. ಡಿಸೇಬಲ್ ಆದ ಜಾಬ್ ವಿಫಲವಾಗುವುದಿಲ್ಲ, ಅದು ಓಡುವುದೇ ಇಲ್ಲ. ಹಾಗಾಗಿ ಯಾವ ಕಡೆಯಿಂದಲೂ ಸದ್ದಿಲ್ಲ.

ತಿಳಿದ ಮೇಲೆ ಡಿಬಿಎ ಇಟ್ಟ ಹೆಜ್ಜೆ ನೆನಪಿಡುವಂಥದ್ದು. ಡಿಸ್ಕ್ ತುಂಬುವ ಭಯದಲ್ಲಿ ರಿಕವರಿ ಮಾಡೆಲನ್ನು (ಲಾಗ್ ಎಷ್ಟು ಉಳಿಸಬೇಕೆಂಬ ಸೆಟ್ಟಿಂಗ್) ಸಿಂಪಲ್‌ಗೆ ಬದಲಿಸಿ ಲಾಗ್ ಕತ್ತರಿಸಿ ಎಂಬ ಸಲಹೆ ಬಂದಿತ್ತು. ಬದಲಿಸಿದ್ದರೆ ಲಾಗ್ ಸರಪಳಿ ಅಲ್ಲೇ ತುಂಡಾಗುತ್ತಿತ್ತು, ಆ ದಿನಗಳ ನಡುವಿನ ಯಾವ ಕ್ಷಣಕ್ಕೂ ಮರಳುವ ದಾರಿ ಮುಚ್ಚುತ್ತಿತ್ತು. ಅವರು ಡಿಸ್ಕ್‌ಗೆ ಜಾಗ ಸೇರಿಸಿ, ಜಾಬ್ ಎನೇಬಲ್ ಮಾಡಿಸಿ, ಲಾಗ್ ಬ್ಯಾಕಪ್ ಮುಗಿಯುವವರೆಗೆ ಕಾದರು. ಲಾಗ್ ಒಳಗೆ ಖಾಲಿಯಾಯಿತು, ಫೈಲ್ ಮಾತ್ರ ಉಬ್ಬಿದಂತೆಯೇ ಇತ್ತು, ಅದನ್ನು ಆಮೇಲೆ ಒಮ್ಮೆ ಕುಗ್ಗಿಸಿದರು. ಡೇಟಾ ಏನೂ ಹೋಗಲಿಲ್ಲ. ಆ ದಿನಗಳಲ್ಲಿ ಇಆರ್‌ಪಿ ಸರ್ವರ್ ಕೈಕೊಟ್ಟಿದ್ದರೆ ಆಯುಧ ಪೂಜೆಗೆ ಮೊದಲಿನ ಸ್ಥಿತಿಯೇ ಗತಿಯಾಗಿತ್ತು.

ನಾನು ಬರೆದುಕೊಟ್ಟದ್ದು

ಸ್ಕ್ರೀನ್‌ಶಾಟ್ ಬಗ್ಗೆ ಸಭೆಯಲ್ಲಿ ಬಹಳ ಮಾತಾಯಿತು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಹಳೆಯ ಡೇಟಾಬೇಸ್ ಅನ್ನು ಜೀವಂತ ಬಿಟ್ಟದ್ದು. ಮೊದಲ ಜಾಬ್ ಓಡಿದ ಕ್ಷಣಕ್ಕೇ ಅದು ಉಪಯೋಗಕ್ಕೆ ಬಾರದ್ದೆಂದು ಅವರೇ ಬೋರ್ಡ್ ಮೇಲೆ ಬರೆದಿದ್ದರು. ಹಾಗಿದ್ದ ಮೇಲೆ ಅದೇ ರಾತ್ರಿ ಆಫ್‌ಲೈನ್ ಮಾಡಿದ್ದರೆ ಭಾನುವಾರ ಬೆಳಿಗ್ಗೆ ಸ್ಕ್ರಿಪ್ಟ್ ದೋಷದೊಂದಿಗೆ ಬೀಳುತ್ತಿತ್ತು, ಯಾರಾದರೂ ನೋಡುತ್ತಿದ್ದರು, ಸರಿಪಡಿಸಿದ ಸ್ಕ್ರಿಪ್ಟ್ ಕೂಡಲೇ ಆ ಜಾಬನ್ನು ತೋರಿಸುತ್ತಿತ್ತು. ಪಟ್ಟಿಯಲ್ಲಿ ಒಂದು ಸಾಲು ತಪ್ಪುವುದನ್ನು ಪೂರ್ತಿ ತಡೆಯಲಾಗದು, ಆದರೆ ತಪ್ಪಿದ್ದು ಒಂದು ರಾತ್ರಿಯಲ್ಲಿ ಗೊತ್ತಾಗುವಂತೆ ಮಾಡಬಹುದು. ಹಳೆಯದನ್ನು ಅಳಿಸಬೇಕೆಂದಿಲ್ಲ, ಬ್ಯಾಕಪ್ ಫೈಲ್ ಇಟ್ಟುಕೊಂಡು ಇನ್‌ಸ್ಟನ್ಸ್ ನಿಲ್ಲಿಸಿದರೆ ಸಾಕು.

ಇನ್ನೊಂದು, ಕನೆಕ್ಷನ್ ಬದಲಿಸುವ ಮುನ್ನ ಕೇಳಬೇಕಾದ ಪ್ರಶ್ನೆ: ಈ ಡೇಟಾಬೇಸ್ ಓದುವವರು ಇನ್ನಾರಿದ್ದಾರೆ? ಯುಟಿಲಿಟಿ ಬದಲಿಸುವುದು ತನ್ನ ತಂತ್ರಾಂಶದ ವಿಳಾಸವನ್ನಷ್ಟೇ. ಹಳೆಯ ಇನ್‌ಸ್ಟನ್ಸ್‌ನಲ್ಲಿ ಒಂದು ವಾರ ಯಾರು ಯಾರು ಬಂದುಹೋಗುತ್ತಾರೆ ಎಂದು ಸೆಷನ್‌ಗಳ ಪಟ್ಟಿ ಹಿಡಿದಿದ್ದರೆ ಸ್ಕ್ರಿಪ್ಟ್ ಹೆಸರು ಅಲ್ಲೇ ಸಿಗುತ್ತಿತ್ತು.

ಜಾಬ್ ಪಟ್ಟಿಗೆ ಪವರ್‌ಶೆಲ್‌ನಲ್ಲಿ (ವಿಂಡೋಸ್‌ನ ಕಮಾಂಡ್ ಸಾಧನ) ವೀಮ್‌ನ ಗೆಟ್-ವಿಬಿಆರ್‌ಜಾಬ್ ಕಮಾಂಡ್ ಇದೆ. ಹೆಸರು ಮತ್ತು ಶೆಡ್ಯೂಲ್ ಸ್ಥಿತಿಯನ್ನು ಮೊದಲೊಮ್ಮೆ, ಆಮೇಲೊಮ್ಮೆ ಫೈಲ್‌ಗೆ ತೆಗೆದು ಹೋಲಿಸಿ ಎಂದು ಬರೆದೆ.

ಆಮೇಲೆ ಆ ಸಂಸ್ಥೆಯಲ್ಲಿ ಇನ್ನೊಂದು ತೊಂದರೆ ತಲೆದೋರಿತು, ಇದನ್ನು ಯಾರೂ ಎಣಿಸಿರಲಿಲ್ಲ. ಎಸ್‌ಕ್ಯೂಎಲ್ ಸರ್ವರ್‌ಗೆ ತಿಂಗಳಿಗೊಮ್ಮೆ ಭಾನುವಾರ ರಾತ್ರಿ ಪ್ಯಾಚ್ ಹಾಕಿ ರೀಸ್ಟಾರ್ಟ್ ಮಾಡುವ ಪದ್ಧತಿ. ವಾರದ ದೊಡ್ಡ ಫುಲ್ ಬ್ಯಾಕಪ್‌ಗಳು ಓಡುವುದೂ ಅದೇ ರಾತ್ರಿ. ಡೇಟಾಬೇಸ್ ಕೈಬಿಟ್ಟು ಓಡುತ್ತಿದ್ದ ಜಾಬ್‌ಗಳು ಬಿದ್ದವು. ಬ್ಯಾಕಪ್ ಸರ್ವರ್ ಸ್ವತಂತ್ರವಾಗಿದ್ದಾಗ ಇಂಥದ್ದಿರಲಿಲ್ಲ. ಪ್ಯಾಚ್ ಹಾಕುವ ವೇಳೆಯನ್ನು ಹಗಲಿಗೆ ತಂದರು, ಇಆರ್‌ಪಿಯವರು ಗೊಣಗಿದರು.

ಮರುವರ್ಷ 12ನೇ ಆವೃತ್ತಿಗೆ ಏರಿದಾಗ ಡೇಟಾಬೇಸ್ ಬ್ಯಾಕಪ್ ಸರ್ವರ್‌ಗೇ ಮರಳಿ ಬಂತು, ಈ ಸಲ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಮೇಲೆ. ವರದಿಯ ಸ್ಕ್ರಿಪ್ಟ್ ಡೇಟಾಬೇಸ್ ಮುಟ್ಟುವುದನ್ನು ಬಿಟ್ಟು ಪವರ್‌ಶೆಲ್ ಮೂಲಕ ಕೇಳುತ್ತದೆ, ಪ್ರತಿ ಸಾಲಿನಲ್ಲೂ ಕೊನೆಯ ಬಾರಿ ಓಡಿದ ದಿನಾಂಕ ಇರುತ್ತದೆ, ಒಂದು ದಿನಕ್ಕಿಂತ ಹಳೆಯದಾದರೆ ಫಲಿತಾಂಶ ಏನೇ ಇರಲಿ ಸಾಲು ಕೆಂಪಾಗುತ್ತದೆ. ನಿವೃತ್ತ ಸರ್ವರ್‌ಗಳ ಜಾಬ್‌ಗಳೂ ಕೆಂಪಾಗಿ ಕಾಣುತ್ತವೆಂದು ಮೊದಲು ತಕರಾರಿತ್ತು. ಡಿಬಿಎ ಮೇಡಂ ಅವನ್ನು ಅಳಿಸಿ ಎಂದರು, ಹುಡುಗ ಅಳಿಸಿದ.